ಮುತ್ತಲ ಎಲೆಯ ಕಡಬು

ನಾನು ನಿಂತಿದ್ದದ್ದು ವಾಡಿಯ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ, ಹೊಸ್ತಿಲಿನ ಹೊರಗೆ. ಈ ಶ್ರಾವಣದ ನಾಗರ ಪಂಚಮಿಯ ಬೆಳಿಗ್ಗೆ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಇನ್ನೂ ಕುದಿ ಹಿಡಿದಿರಲಿಲ್ಲ. ಕಿಟಕಿಯಿಂದ ಬೆಳಕು ನೇರವಾಗಿ ಬೋಗುಣಿಯ ಮೇಲೆ ಬೀಳುತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಏನು ಕಂಡೆ ಎಂದು ಆಮೇಲೆ ನನ್ನನ್ನು ಕೇಳಲಾಯಿತು.

ಹೋದ ಚಳಿಗಾಲದಲ್ಲಿ ನಾಲವಾರದ ಮಠಕ್ಕೆ ಹೋಗಿ ರೈಲಿನಲ್ಲಿ ಮರಳಿದಾಗ, ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನನ್ನ ಹೆಂಡತಿ ಕುಸಿದು ಬಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಎತ್ತಿಕೊಂಡಾಗ ಅವಳಲ್ಲಿ ಭಾರವೇ ಇರಲಿಲ್ಲ. ಆ ಹಗುರ ಈಗಲೂ ನನ್ನ ತೋಳಿಗೆ ನೆನಪಿದೆ. ಕಲಬುರಗಿಯ ಡಾಕ್ಟರು ಅವಳ ಕರುಳಿಗೆ ಗೋಧಿ ಆಗುವುದಿಲ್ಲ ಎಂದರು. ಗೋಧಿ ಬಿಟ್ಟು ಜೋಳದ ರೊಟ್ಟಿಗೆ ಬಂದೆವು. ಮತ್ತೆ ಹಾಗೇ ಆಯಿತು. ಕಾರಣ ಹುಡುಕಿದರೆ, ನಾವು ಜೋಳ ಬೀಸಿಸುತ್ತಿದ್ದ ಗಿರಣಿಯಲ್ಲೇ ಗೋಧಿಯನ್ನೂ ಬೀಸುತ್ತಿದ್ದರು. ಒಂದು ಚಿಟಿಕೆ ಬೆರೆತರೂ ಅವಳು ಮಲಗಿಬಿಡುತ್ತಿದ್ದಳು. ಕರುಳು ಮಾಯುವ ತನಕ ಗೋಧಿ, ಜೋಳ, ಸಜ್ಜೆ, ಅಕ್ಕಿ ಯಾವುದೂ ಬೇಡ, ಬೇಳೆ ನಡೆಯುತ್ತದೆ ಎಂದು ಡಾಕ್ಟರು ಹೇಳಿದರು. ಅಂದಿನಿಂದ ಅವಳ ಊಟ ಹೆಸರುಬೇಳೆಯ ಕಟ್ಟು, ಮಜ್ಜಿಗೆ, ಕುಂಬಳಕಾಯಿ.

ನಮ್ಮಲ್ಲಿ ಪಂಚಮಿಯ ದಿನ ಚಾಕು ಹಿಡಿಯುವುದಿಲ್ಲ, ಹಂಚು ಇಡುವುದಿಲ್ಲ, ಏನನ್ನೂ ಕರಿಯುವುದಿಲ್ಲ. ಕುದಿಸಿದ ಕಡಬೇ ಹಬ್ಬ. ಆ ಕಡಬು ಗೋಧಿಯದು. ಹಿಂದಿನ ದಿನವೇ ಚಿಂಚೋಳಿಯಿಂದ ಬಂದಿದ್ದ ನನ್ನ ಅತ್ತೆಗೆ, ಮಗಳು ಹಬ್ಬದ ದಿನವೂ ಕಟ್ಟು ಕುಡಿದು ಮಲಗುತ್ತಾಳೆಂಬುದು ಸಹಿಸಲಾಗಲಿಲ್ಲ.

"ಬೇಳಿದೇ ಕಡಬು ಮಾಡ್ತೀನಿ. ಒಂದು ಕಾಳು ಜ್ವಾಳ ಹಾಕಂಗಿಲ್ಲ," ಎಂದರು.

ನೆನೆದ ಹೆಸರುಬೇಳೆಯನ್ನು ನಾನು ಮಿಕ್ಸಿಗೆ ಹಾಕಲು ಹೋದೆ.

"ಅದ್ರಾಗ ಬ್ಲೇಡ್ ಅದಲ್ರಿ? ಇವತ್ತ ಕೊಯ್ಯಂಗಿಲ್ಲ."

"ಅತ್ತಿ, ಅದು ಕೊಯ್ಯೋದಲ್ಲ, ರುಬ್ಬೋದು."

"ಚಾಕು ಗರಗರ ತಿರುಗಿದ್ರ ರುಬ್ಬಿದಂಗ ಆಗ್ತದೇನ್ರಿ?"

ಪಕ್ಕದ ಮನೆಯ ಅಕ್ಕ ನೆರವಿಗೆಂದು ಬಂದಿದ್ದಳು. ಅವಳ ತವರು ಕುಂಚಾವರಂ ಕಡೆಯ ಒಂದು ತಾಂಡದ ಹತ್ತಿರ. ಅವಳು ನಕ್ಕು, "ನಡೀರಿ ಅಣ್ಣಾರ, ಕಲ್ಲು ತೊಳೀರಿ," ಎಂದಳು. ಹಿತ್ತಲಿನ ರುಬ್ಬುವ ಕಲ್ಲನ್ನು ನಾನು ಬಿಸಿನೀರು ಹೊಯ್ದು ತಿಕ್ಕಿ ತೊಳೆದೆ. ಅತ್ತೆ ತರಿತರಿಯಾಗಿ ರುಬ್ಬಿದರು. ಶುಂಠಿ, ಜೀರಿಗೆ, ಉಪ್ಪು ಅದರ ಜೊತೆಗೇ ಹೋದವು. ಸಬ್ಬಸಿಗೆಯನ್ನು ಕೊಯ್ಯದೆ ಬೆರಳಲ್ಲಿ ಚಿವುಟಿ ಹಾಕಿದರು. ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಹಬೆಯಲ್ಲಿ ಬೇಯಿಸುವುದೆಂದಾಯಿತು.

ಬೋಗುಣಿಯಲ್ಲಿನ ರುಬ್ಬಿದ ಬೇಳೆ, ಹಿಟ್ಟಿಲ್ಲದ್ದರಿಂದ, ಅಂಗೈಗೆ ಅಂಟುತ್ತಿತ್ತು. ಅತ್ತೆ ಒಂದು ಕಡಬು ಕಟ್ಟಲು ನೋಡಿದರು, ಆಗಲಿಲ್ಲ. ಇನ್ನೊಂದು ಕಟ್ಟಿದರು, ಅದೂ ಬಿರಿಯಿತು. ಗೂಡಿನಲ್ಲಿ ನಾಗಪ್ಪನ ಎಡೆಗೆಂದು ತೆಗೆದಿಟ್ಟ ಜೋಳದ ಹಿಟ್ಟಿನ ಡಬ್ಬಿ ಇತ್ತು, ಮುಚ್ಚಳ ತೆರೆದಿತ್ತು. ಅವರು ಆ ಕಡೆ ನೋಡಲೂ ಇಲ್ಲ. ಅಷ್ಟು ವರ್ಷ ರೊಟ್ಟಿ ಬಡಿದ ಬಲಗೈ ತಾನಾಗಿ ಹೋಗಿ ಡಬ್ಬಿಯಲ್ಲಿ ಅದ್ದಿ ಬಂತು. ಬೆರಳ ತುದಿಗಳು ಬೆಳ್ಳಗಾಗಿದ್ದವು. ಕೈ ಮತ್ತೆ ಬೋಗುಣಿಯ ಕಡೆ ಇಳಿಯಿತು.

"ಅತ್ತೀ, ಕೈ!"

ಕೈ ನಿಂತಿತು. ರುಬ್ಬಿದ ಬೇಳೆಯ ಮೇಲೆ, ಒಂದು ಬೆರಳಿನಷ್ಟು ಎತ್ತರದಲ್ಲಿ. ನಾನು ಕಂಡದ್ದು ಅದು.

ಅತ್ತೆ ತಮ್ಮ ಬೆರಳುಗಳನ್ನೇ ಬೇರೆಯವರದೆಂಬಂತೆ ನೋಡಿದರು. "ಯವ್ವಾ, ಕೈ ತಾನ ಹೋತಲ್ಲ," ಎಂದರು. ಆಮೇಲೆ ಗಟ್ಟಿಯಾಗಿ, "ಮುಟ್ಟಿಲ್ಲ. ನೀವ ಹೇಳ್ರಿ, ಮುಟ್ಟ್ಯದೇನು?"

"ಮುಟ್ಟಿಲ್ರಿ."

"ಉದುರ್ಯದೇನು?"

ಬೆಳಕಿನಲ್ಲಿ ಹಿಟ್ಟಿನ ಧೂಳು ತೇಲುತ್ತಿತ್ತು. ಅದು ಎಲ್ಲಿ ಕೂತಿತೆಂದು ನಾನು ಕಂಡಿರಲಿಲ್ಲ. "ಅದನ್ನ ನಾ ಹೇಳಲಾರೆ," ಎಂದೆ.

ಅತ್ತೆ ಪಕ್ಕದ ಮನೆಯ ಅಕ್ಕನ ಕಡೆ ತಿರುಗಿದರು. "ನೀ ಹೇಳವಾ."

"ನಾ ಒಲಿ ಕಡಿ ನೋಡ್ಲಿಕತ್ತಿದ್ದೆ, ದೊಡ್ಡಮ್ಮ. ಕೈ ನಿಂತದ್ದು ಕಂಡೆ. ಅದಕ್ಕೂ ಮುಂಚಿಂದು ಕಂಡಿಲ್ಲ. ಸುಳ್ಳ್ಯಾಕ ಹೇಳ್ಲಿ?"

ಪಡಸಾಲೆಯ ಮಂಚದಿಂದ ನನ್ನ ಹೆಂಡತಿ ಕೂಗಿದಳು: "ಏನ್ರೀ, ಚಿತ್ತಾಪುರದ ಕೋರ್ಟ್ ಅಡಗಿಮನಿಗೇ ತಂದ್ರೇನು? ತಗೊಂಡ್ ಬರ್ರಿ, ನಾ ತಿಂತೀನಿ. ಹಸಿವಿ ಆಗ್ಯದ."

ಆ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವುದು ನನ್ನ ಕೆಲಸ. ಅವಳ ಬಾಯಿಂದ ಹಸಿವಿನ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಬೋಗುಣಿ ಅಲ್ಲೇ ಇತ್ತು, ಹಸಿರು ಸಬ್ಬಸಿಗೆಯ ಚುಕ್ಕೆಗಳಿಟ್ಟು, ಘಮ್ಮೆನ್ನುತ್ತ.

ಅತ್ತೆ ಬಹಳ ಹೊತ್ತು ಯೋಚಿಸಲಿಲ್ಲ. ಸೆರಗಿಗೆ ಕೈ ಒರೆಸಲು ಹೋದವರು, ಒರೆಸದೆ ಬಚ್ಚಲಿಗೆ ನಡೆದರು. ಮೊಣಕೈವರೆಗೆ ತೊಳೆದುಕೊಂಡು ಬಂದು, "ಮುಟ್ಟಿಲ್ಲ ಅಂತ ದೇವ್ರ ಮುಂದೂ ಹೇಳ್ತೀನಿ," ಎಂದರು. "ಆದ್ರ ಇದು ನಮಗಿರ್ಲಿ. ಆಕಿಗೆ ಬ್ಯಾರೆ ಬ್ಯಾಳಿ ನೆನಿ ಹಾಕ್ರಿ." ಹಿಟ್ಟಿನ ಡಬ್ಬಿಯನ್ನು ಮುಚ್ಚಳ ಒತ್ತಿ ನನ್ನ ಕೈಗಿತ್ತರು. ನಾನದನ್ನು ಪಡಸಾಲೆ ದಾಟಿ, ಹೊರಗಿನ ಕಟ್ಟೆಯ ಮೇಲೆ, ಷಾಬಾದ ಕಲ್ಲಿನ ಚಪ್ಪಡಿಯ ಮೇಲಿಟ್ಟು ಬಂದೆ.

ಬೇಳೆ ನೆನೆಯುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ತನ್ನ ಮನೆಗೆ ಹೋಗಿ ಒಂದು ಕಟ್ಟು ಮುತ್ತಲ ಎಲೆ ತಂದಳು. ತವರಿನ ಅಡವಿಯಿಂದ ಊಟದ ಎಲೆಗೆಂದು ತಂದಿಟ್ಟುಕೊಂಡದ್ದು.

"ಕೈಲೆ ಕಟ್ಟೋದ ಬ್ಯಾಡ ದೊಡ್ಡಮ್ಮ. ಎಲಿಯಾಗ ಸುರುವಿ ಮಡಚಿಬಿಡು. ನಿನ್ನ ಕೈ ಮ್ಯಾಲ ಇವತ್ತ ನಂಬಿಕಿ ಇಲ್ಲ."

"ನಿನ್ನ ಬಾಯಿ ಮ್ಯಾಲ ನನಗ ಯಾವತ್ತ ಇತ್ತು?" ಎಂದರು ಅತ್ತೆ. ಇಬ್ಬರೂ ನಕ್ಕರು.

ಕಲ್ಲು ಮತ್ತೆ ತೊಳೆದೆ, ಬೋಗುಣಿ ಬೇರೆ, ಬಟ್ಟೆ ಬೇರೆ. ಒಂದೊಂದು ಎಲೆಗೆ ಒಂದೊಂದು ಸೌಟು ಹಾಕಿ ಮಡಚಿ, ಮಡಿಕೆ ಕೆಳಗಾಗುವಂತೆ ಹಬೆಗಿಟ್ಟರು. ಊಟದ ಹೊತ್ತು ಮೀರಿತ್ತು. ಎಲೆ ಬಿಡಿಸಿದಾಗ ಕಡಬು ಮುರಿಯಲಿಲ್ಲ. ಎಲೆಯ ನರಗಳು ಅದರ ಮೈಮೇಲೆ ಅಚ್ಚೊತ್ತಿದ್ದವು. ತುಪ್ಪ ಹಾಕಿ ಕೊಟ್ಟರು. ನನ್ನ ಹೆಂಡತಿ ಒಂದನ್ನು ನಿಧಾನ ತಿಂದಳು. ಎಲೆಗೆ ಅಂಟಿದ್ದನ್ನು ಬೆರಳಲ್ಲಿ ಕೆರೆದಳು.

"ಉಪ್ಪು ಕಮ್ಮಿ ಅದ ಅವ್ವಾ," ಎಂದಳು. "ಇನ್ನೊಂದ ಹಾಕು."

ಅತ್ತೆ ಮುಖ ತಿರುಗಿಸಿ ಉಪ್ಪಿನ ಭರಣಿ ಹುಡುಕಿದರು. ಅದು ಅವರ ಎದುರಿಗೇ ಇತ್ತು.

ಆ ದಿನ ಅವಳಿಗೆ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ನಾನು ಕಾಯುತ್ತಲೇ ಇದ್ದೆ. ಆಮೇಲೊಂದು ಸಂಜೆ ಪಕ್ಕದ ಮನೆಯ ಬೇವಿನ ಮರಕ್ಕೆ ಕಟ್ಟಿದ್ದ ಪಂಚಮಿಯ ಜೋಕಾಲಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅವಳು ಹೋಗಿ ಅದರ ಮೇಲೆ ಕೂತಳು. ಹಿಂದಿನಿಂದ ನಾನು ಮೆಲ್ಲಗೆ ತಳ್ಳಿದೆ. ಸ್ವಲ್ಪ ಭಾರವಾಗಿದ್ದಳು.

ಕೈ ಬೋಗುಣಿಯ ಮೇಲೆ ನಿಂತದ್ದನ್ನು ನನ್ನೊಂದಿಗೆ ಕಂಡವರು ಇಬ್ಬರು. ಒಬ್ಬರು ನನ್ನ ಅತ್ತೆ, ಚಿಂಚೋಳಿಯಲ್ಲಿದ್ದಾರೆ, ಕೇಳಿದರೆ ಈಗಲೂ ಮುಟ್ಟಿಲ್ಲ ಎನ್ನುತ್ತಾರೆ. ಇನ್ನೊಬ್ಬಳು ಪಕ್ಕದ ಮನೆಯ ಅಕ್ಕ, ಎಷ್ಟು ಕಂಡಳೋ ಅಷ್ಟನ್ನೇ ಹೇಳುತ್ತಾಳೆ. ಕಾಣದೆ ಪಡಸಾಲೆಯಲ್ಲಿ ಹಸಿದು ಕಾದವಳು ನನ್ನ ಹೆಂಡತಿ. ಅವಳೂ ಇದ್ದಾಳೆ. ಈಗ ಹಿತ್ತಲಲ್ಲಿ ಕಲ್ಲು ತೊಳೆಯುತ್ತಿದ್ದಾಳೆ.