ಸ್ಕ್ರೂ ಬಿಚ್ಚುವ ಮಿಸ್ತ್ರಿ

ಮಿಸ್ತ್ರಿಯನ್ನು ಮೊದಲ ಸಲ ನೋಡಿದಾಗ ನನಗೆ ಐವತ್ತಾರು. ಇದು ಒಂಬತ್ತು ವರ್ಷದ ಹಿಂದಿನ ಮಾತು. ಮಿಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡು ಹೋಳಾಗಿತ್ತು. ಯಾವಾಗೋ ಮಗ್ಗದ ಕಬ್ಬಿಣ ಬಿದ್ದು ಸೀಳಿದ್ದಂತೆ. ಆ ಸೀಳಿನೊಳಗೆ ಕರಿ ಎಣ್ಣಿ ಕೂತುಬಿಟ್ಟಿತ್ತು, ಹಬ್ಬದ ದಿನ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಉಗುರನ್ನು ಸ್ಕ್ರೂವಿನ ತಲೆಯ ಗೀರಿನಲ್ಲಿಟ್ಟು ಒಮ್ಮೆ ಎಳೆದನೆಂದರೆ ಮುಗಿಯಿತು. ಅದನ್ನು ಯಾರು ಹಾಳು ಮಾಡಿದರು, ಯಾತರಿಂದ ಮಾಡಿದರು, ಎಲ್ಲಾ ಹೇಳುತ್ತಿದ್ದ. ಹೇಳಿ ಬೈಯುತ್ತಿದ್ದ.

ಅವನ ಅಂಗಡಿ ಇಳಕಲ್ಲಿನಲ್ಲಿ. ಮೊದಲು ಮಗ್ಗ ರಿಪೇರಿ ಮಾಡುತ್ತಿದ್ದ, ಆಮೇಲೆ ಹೊಲಿಗಿ ಮಷಿನ್ನು, ಸ್ಟೋವು, ಕೀಲಿ, ಕಡೆಗೆ ಗಾಳಿ ಪಿಸ್ತೂಲು. ಗಾಳಿ ಪಿಸ್ತೂಲು ಅಂದರೆ ಮದ್ದು ಹಾಕುವುದಲ್ಲ. ಒಳಗೊಂದು ಸ್ಪ್ರಿಂಗು, ಅದು ಗಾಳಿಯನ್ನು ಒದೆಯುತ್ತದೆ, ಗಾಳಿ ಛರ್ರಾವನ್ನು, ಅಂದರೆ ಸೀಸದ ಸಣ್ಣ ಗುಂಡನ್ನು ಒದೆಯುತ್ತದೆ, ಛರ್ರಾ ಹೋಗಿ ಫುಗ್ಗಾ, ಅಂದರೆ ಬಲೂನು ಒಡೆಯುತ್ತದೆ. ನನ್ನ ಹೊಟ್ಟೆಪಾಡು ಅದೇ. ಬಾದಾಮಿಯಲ್ಲಿ ಗುಡ್ಡ ನೋಡಲಿಕ್ಕೆ ಬರುವ ಮಂದಿಯ ದಾರಿಯಲ್ಲಿ ನಂದೊಂದು ಫುಗ್ಗಾ ಹಲಗಿ, ಎರಡು ಪಿಸ್ತೂಲು, ಒಂದು ಬಂದೂಕು. ಗಂಡ ಸತ್ತ ಮೇಲೆ ನಾನೇ ನಡೆಸಿದೆ. ಆ ದಾರಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಫುಗ್ಗಾದಾಕಿ ಅಂತಿದ್ದರು.

ದಿನಾ ನೂರು ಸಲ ಒದ್ದರೆ ಯಾವ ಸ್ಕ್ರೂ ತಡೆಯುತ್ತದೆ? ಸಡಿಲಾಗುತ್ತದೆ, ಬಿಗಿ ಮಾಡಬೇಕು, ಮತ್ತೆ ಸಡಿಲಾಗುತ್ತದೆ. ಒಂದು ದಿನ ನನಗೆ ಸಿಟ್ಟು ಬಂತು. ಸ್ಕ್ರೂವಿನ ಮೇಲೆ ಗಮ್ಮಿನ ಹನಿ ಬಿಟ್ಟೆ. ಹದಿನೈದು ದಿನ ಛಲೋ ನಡೆಯಿತು. ಆಮೇಲೆ ಒಳಗಿನ ಸ್ಪ್ರಿಂಗು ಮುರಿಯಿತು, ಬಿಚ್ಚಲಿಕ್ಕೆ ಹೋದರೆ ಸ್ಕ್ರೂ ಅಲುಗಲಿಲ್ಲ, ಅದರ ತಲಿ ಸವೆದು ಬಟ್ಟಲದಂಗಾಯಿತು. ಹಂಗೆ ನಾ ಮೊದಲ ಸಲ ಅವನ ಅಂಗಡಿ ಮೆಟ್ಟಿಲು ಹತ್ತಿದ್ದು.

ಉಗುರು ಎಳೆದ. ಮೂಸಿ ನೋಡಿದ.

"ಇದರಾಗ ಏನ್ ಹಾಕೀ?"

"ಗಮ್ ರೀ. ಕೈಗೆ ಹತ್ತಿದ್ರ ಬಿಡಂಗಿಲ್ಲಲ್ರಿ, ಅದು."

"ಆಮ್ಯಾಲ ಬಿಚ್ಚಾಕ ಏನ್ ತಗೊಂಡಿ?"

"ಚಾಕು."

"ಯಾವ ಚಾಕು?"

"ಉಳ್ಳಾಗಡ್ಡಿ ಹೆಚ್ಚೂದು."

"ಯವ್ವಾ, ಸ್ಕ್ರೂ ಅನ್ನೂದು ಬಿಚ್ಚಾಕ ಇರ್ತದ. ಬಿಚ್ಚೂದ ಬ್ಯಾಡ ಅಂದ್ರ ಒಂದು ಮೊಳಿ ಬಡೀಬೇಕಿತ್ತು. ಈ ಪಿಸ್ತೂಲಿಗೆ ಬಾಯಿ ಇದ್ದಿದ್ರ ಸ್ಟೇಷನ್ನಿಗೆ ಹೋಗಿ ನಿನ್ನ ಮ್ಯಾಲ ಕೇಸ್ ಹಾಕ್ತಿತ್ತು."

ಅಂಗಡಿಯಲ್ಲಿ ಕೂತಿದ್ದ ಇಬ್ಬರು ನಕ್ಕರು. ನಾ ನಗಲಿಲ್ಲ. ಆದರೆ ಅವನ ಕೈ ನೋಡಿದೆ. ಮೊದಲು ಕೊಳವಿ ಮಡಚಿ ತೆರೆದು ಒಳಗೆ ಛರ್ರಾ ಇಲ್ಲ ಅಂತ ಖಾತ್ರಿ ಮಾಡಿಕೊಂಡ. ಹಳೆ ಸೀರಿ ಚೂರಿನಲ್ಲಿ ಪಿಸ್ತೂಲು ಸುತ್ತಿ ಮೇಜಿಗೆ ಬಿಗಿದ ಇಕ್ಕಳದಲ್ಲಿ ಕೂಡಿಸಿದ. ಸೂಜಿಯಿಂದ ಗೀರಿನ ಹೊಲಸು ತೆಗೆದ. ಕಬ್ಬಿಣದ ಕಡ್ಡಿ ಕಾಯಿಸಿ ಸ್ಕ್ರೂವಿನ ತಲೆಗೆ ಹಚ್ಚಿ ಇಪ್ಪತ್ತು ಎಣಿಸಿದ. ಗಮ್ಮು ಸುಟ್ಟ ವಾಸನಿ ಬಂತು. ಗ್ಯಾರೇಜಿನವರು ವಾಲ್ವ್ ಉಜ್ಜುವ ಉಸುಕಿನಂಥ ಪೇಸ್ಟು ಇರುತ್ತದಲ್ಲ, ಅದನ್ನು ಸ್ಕ್ರೂ ಡ್ರೈವರಿನ ತುದಿಗೆ ಹಚ್ಚಿಕೊಂಡು, ಮೈಯ ಭಾರವೆಲ್ಲ ಅದರ ಮೇಲೆ ಹಾಕಿದ. ನಾ ತಿಳಿದದ್ದು ಬಿಚ್ಚುವ ಕಡೆ ತಿರುವುತ್ತಾನೆ ಅಂತ. ಅವ ಬಿಗಿ ಮಾಡುವ ಕಡೆ ಒಂದು ಕೂದಲೆಳೆಯಷ್ಟು ತಿರುವಿದ. ಗಮ್ಮಿನ ಹಿಡಿತ ಬಿಟ್ಟು ಟಿಕ್ ಅಂತು. ಆಮೇಲೆ ಈ ಕಡೆ ತಿರುವಿದ. ಸ್ಕ್ರೂ ಹೊರಗೆ ಬಂತು.

ಆವತ್ತಿನಿಂದ ನನಗೆ ಆ ಕೆಲಸ ಬೇಕಾಯಿತು. ಸುಳ್ಳು ಯಾಕೆ ಹೇಳಲಿ, ಬರೇ ಬಾದಾಮಿಯಿಂದ ಬಸ್ಸಿನಲ್ಲಿ ಬರುವ ತ್ರಾಸು ತಪ್ಪಿಸಲಿಕ್ಕಲ್ಲ. ಫುಗ್ಗಾ ಊದಿ ಊದಿ ಸತ್ತವಳು ಅನ್ನಿಸಿಕೊಳ್ಳುವುದು ಬೇಡಾಗಿತ್ತು. ಈಕಿಗೊಂದು ಕೆಲಸ ಬರುತ್ತದೆ ಅಂತ ನಾಕು ಮಂದಿ ಅನ್ನಬೇಕಾಗಿತ್ತು.

"ನನಗ ಕಲಸ್ರಿ ಮಿಸ್ತ್ರಿ," ಅಂದೆ.

"ಹೆಂಗಸರ ಮಣಿಕಟ್ಟಿನ್ಯಾಗ ಇದಕ್ಕ ಬೇಕಾದ ಜೀವ ಇಲ್ಲ."

"ಇಪ್ಪತ್ತು ಕೊಡ ನೀರು ಸೇದೂ ಮಣಿಕಟ್ಟು ಇದು."

"ನೀರು ಸೇದು ಹೋಗು."

ಐದು ವರ್ಷ ಹೀಗೇ. ಗುಳೇದಗುಡ್ಡ, ಅಮೀನಗಡ, ಹುನಗುಂದ ಅಂತ ಬಸ್ಸು ಬದಲಿಸುತ್ತಾ ನಾ ಬರಬೇಕು, ಅವ ಬೈಯಬೇಕು, ನಾ ಕೂತು ನೋಡಬೇಕು. ನೋಡಬೇಡ ಅಂತ ಹೇಳಲಿಕ್ಕೆ ಅವನಿಗೂ ಆಗಲಿಲ್ಲ. ಅವನ ಮಕ್ಕಳು ಕಲ್ಲು ಪಾಲಿಶ್ ಫ್ಯಾಕ್ಟರಿ ಹಿಡಿದಿದ್ದರು, ಅಂಗಡಿ ಕಡೆ ಹಣಿಕಿ ಹಾಕುತ್ತಿರಲಿಲ್ಲ. ನಾ ಒಬ್ಬಾಕಿ ನೋಡುವಾಕಿ.

ಹಂಗೆ ನೋಡುತ್ತಾ ಕೂತಾಗಲೇ ಅದು ನನ್ನ ಕಣ್ಣಿಗೆ ಬಿದ್ದದ್ದು. ಬೇಸಿಗಿ, ನಡುಮಧ್ಯಾಹ್ನ, ಬಾಗಿಲ ತುಂಬಾ ಬಿಸಿಲು. ಮಿಸ್ತ್ರಿ ನನ್ನ ಪಿಸ್ತೂಲಿನ ಸ್ಕ್ರೂ ಬಿಟ್ಟು ಬೆರಳಗಲ ಆಚೆ ಡ್ರೈವರ್ ಊರಿ ಒತ್ತಿದ. ಕಬ್ಬಿಣದ ಮೇಲೆ ಕಿರ್ರ್ ಅಂತು. ಉದ್ದಕ್ಕೆ ಬಿಳಿ ಗೆರಿ.

"ಬೆಳಕು ಸಾಲವಲ್ದು," ಅಂದ.

"ಕಣ್ಣು ಕಾಣ್ತಾವೇನ್ರಿ?"

"ನಿನಗ ಬಾಯಿ ಭಾಳ ಐತಿ."

ಹೊರಗೆ ಯಾರೂ ಇಲ್ಲ ಅಂತ ಕಿವಿಗೊಟ್ಟು ಖಾತ್ರಿ ಮಾಡಿಕೊಂಡು ಆಮೇಲೆ ಹೇಳಿದ. ಬಾಗಲಕೋಟಿ ದವಾಖಾನಿಯಲ್ಲಿ ತೋರಿಸಿದ್ದನಂತೆ. ಕಣ್ಣಿನ ನರ ಒಣಗ್ಯಾವ, ಹೋದದ್ದು ತಿರುಗಿ ಬರಂಗಿಲ್ಲ ಅಂದರಂತೆ. ಮನಿಯಲ್ಲಿ ಹೇಳಿರಲಿಲ್ಲ. ಉಗುರಿನಿಂದ, ಕಿವಿಯಿಂದ ನಡೆಸಿದ್ದ.

ಇದನ್ನು ಕೇಳಿ ನನಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಐದು ವರ್ಷ ಕಾಡಿಸಿ, ಕಲಿಸದೆ, ಈಗ ಕಣ್ಣು ಕಳಕೊಂಡು ಕೂತಾನಲ್ಲ ಅಂತ ಸಿಟ್ಟು ಬಂತು.

ಆ ಮಾತು ಮುಗಿಯುವುದರೊಳಗೆ ಬಾಗಿಲಲ್ಲಿ ಮೋಟಾರ್ ಸೈಕಲ್ಲು ನಿಂತಿತು. ಬಾಗಲಕೋಟಿಯ ಒಂದು ಸಾಲಿಯ ಪಿ.ಟಿ. ಮಾಸ್ತರ. ಅಲ್ಲಿ ಹುಡುಗರಿಗೆ ಗುರಿ ಹೊಡೆಯುವುದು ಕಲಿಸುತ್ತಾರೆ. ಪರದೇಶದ ಪಿಸ್ತೂಲು ತಂದಿದ್ದ, ಕಟ್ಟಿಗಿ ಹಿಡಿಕಿಯದು. ಹಿಡಿಕಿ ಲಟಲಟ ಅಲ್ಲಾಡುತ್ತಿತ್ತು. ಅದನ್ನು ಹಿಡಿದಿಡುವ ಸ್ಕ್ರೂ ಆಳದಲ್ಲಿತ್ತು, ಅದರ ಆರು ಮೂಲಿಯ ತೂತು ಸವೆದು ಗುಂಡಗಾಗಿತ್ತು.

"ನಾಳೆ ಮುಂಜಾನೆ ಧಾರವಾಡದಾಗ ನಮ್ಮ ಸಾಲಿ ಹುಡುಗಿದು ಸ್ಪರ್ಧಾ ಐತ್ರಿ ಮಿಸ್ತ್ರಿ. ಈಗಿಂದೀಗ ಆಗಬೇಕು."

ಮಿಸ್ತ್ರಿ ಸೂಜಿ ಇಳಿಸಿ ಒಳಗೆ ಆಡಿಸಿದ. "ಇಂಚಿನ ಕೀಲಿ ಹಾಕಿ ತಿರುವೀರಿ. ಇದು ಎಂ.ಎಂ. ಸ್ಕ್ರೂ."

ಮಾಸ್ತರನ ಮುಖ ಕೆಂಪಾಯಿತು. "ಹುಡುಗರು ಮಾಡ್ಯಾರ್ರಿ."

"ಹುಡುಗರ ಕೈಯಾಗ ಇಷ್ಟು ಬಲ ಇರಂಗಿಲ್ಲ, ಮಾಸ್ತರ. ಹೊರಗ ಕೂಡ್ರಿ. ನನ್ನ ವಿದ್ಯಾ ನಾ ಯಾರಿಗೂ ತೋರ್ಸಂಗಿಲ್ಲ."

ಹಂಗಂದು ಹಿಂದಿನ ಕೋಣಿಗೆ ಹೋಗಿ ಪರದೆ ಎಳೆದ. ದೀಪ ಹಿಡಿಯಲಿಕ್ಕೆ ಅಂತ ನನ್ನನ್ನು ಕರೆದ. ದೀಪ ನಾನೇ ಮೊಳಿಗೆ ಸಿಗಿಸಿದೆ. ಅವ ಡ್ರೈವರ್ ನನ್ನ ಕೈಗೆ ಕೊಟ್ಟ.

ಆರು ಮೂಲಿ ತೂತು ಗುಂಡಗಾದರೆ ಅದಕ್ಕಿಂತ ಒಂಚೂರು ದಪ್ಪ ಇರುವ, ನಕ್ಷತ್ರದ ಆಕಾರದ ತುದಿಯ ಉಕ್ಕಿನ ಕಡ್ಡಿಯನ್ನು ಒಳಗೆ ತಟ್ಟಿ ಕೂಡಿಸಬೇಕು, ಅದು ಹೊಸ ಮೂಲಿ ಕೊರೆದುಕೊಳ್ಳುತ್ತದೆ. ಮೆಲ್ಲಗೆ ತಟ್ಟಿದರೆ ಕೂಡುವುದಿಲ್ಲ. ಜೋರು ತಟ್ಟಿದರೆ ಹಿಡಿಕಿ ಸೀಳುತ್ತದೆ. ಅವ ನನ್ನ ಕಿವಿಯ ಹತ್ತಿರ ಪಿಸುಗುಡುತ್ತಿದ್ದ. "ನೆಟ್ಟಗ ಹಿಡಿ. ತಟ್ಟು. ಇನ್ನೊಂದು. ಸಪ್ಪಳ ಬದಲಾತು, ಸಾಕು. ತಿರುವಬ್ಯಾಡ, ಒತ್ತು. ಲೇ, ಒತ್ತು ಅಂದೆ. ಈಗ ಒಂಚೂರು ಬಿಗಿ ಕಡೆ." ಟಿಕ್ ಅಂತು. ನನ್ನ ಮಣಿಕಟ್ಟಿಗೇ ಅಂತು. ಸ್ಕ್ರೂ ತೆಗೆದೆ, ಹೊಸದು ಹಾಕಿದೆ, ಹಿಡಿಕಿ ಕೂತಿತು.

ಮಿಸ್ತ್ರಿ ಪಿಸ್ತೂಲು ತಗೊಂಡು ಹೊರಗೆ ಹೋದ.

"ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕ್ರಿ!" ಅಂದ ಮಾಸ್ತರ. ನಾ ಪರದೆ ಸರಿಸಿ ಹೊರಗೆ ಬಂದರೆ ನನ್ನ ಕಡೆ ನೋಡಿ, "ಅವ್ವಾ, ಎರಡು ಚಾ ತಗೊಂಬಾ," ಅಂದ.

ಮಿಸ್ತ್ರಿ ಮಾಸ್ತರನ ಕೈಯಿಂದ ರೊಕ್ಕ ಇಸಿದುಕೊಂಡ. ನಾ ಹೋಗಿ ಚಾ ತಂದೆ. ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗಿ ಬರುವುದು ಅದಕ್ಕೆ.

ಮಾಸ್ತರ ಹೋದ ಮೇಲೆ ಕೇಳಿದೆ. "ಯಾಕ ಹೇಳಲಿಲ್ಲ?"

"ಹೇಳಿದ್ರ ನಾಳಿಂದ ಕುರುಡ ಮಿಸ್ತ್ರಿ ಹತ್ರ ಯಾರು ಬರ್ತಾರ?"

"ನನ್ನ ಹತ್ರ ಬರ್ತಾರ."

"ನಿನ್ನ ಹತ್ರ? ಫುಗ್ಗಾದಾಕಿ ಹತ್ರ?" ಅಂತ ನಕ್ಕ. ಆ ನಗು ನಾ ಮರೆತಿಲ್ಲ, ಮರೆಯುವುದೂ ಇಲ್ಲ. ನನ್ನ ಪಿಸ್ತೂಲು ಎತ್ತಿಕೊಂಡು ಮೆಟ್ಟಿಲು ಇಳಿದೆ. ಆಗ ಹಿಂದಿನಿಂದ, ಮೊದಲ ಸಲ, ಹೆಸರು ಹಿಡಿದು ಕರೆದ.

"ತಂಗೆವ್ವಾ. ಮಂಗಳವಾರಕ್ಕೊಮ್ಮೆ ಬಾ. ಕಲಸ್ತೇನಿ. ನಾ ಇರೂತನಕ ಬಾಯಿ ಮುಚ್ಚು. ಆಮ್ಯಾಲ ನಿನ್ನ ಮರ್ಜಿ."

ಅವನ ಕೈಯಲ್ಲಿ ಕೈ ಇಟ್ಟು ಮಾತು ಕೊಟ್ಟೆ. ಕೊಡಬಾರದಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಹದಿನಾಲ್ಕು ತಿಂಗಳು. ಮಂಗಳವಾರ ಬಾದಾಮಿಯಲ್ಲಿ ಮಂದಿ ಕಡಿಮಿ, ಹಲಗಿ ಮುಚ್ಚಿ ಬರುತ್ತಿದ್ದೆ. ವಾರದ ಕೆಲಸವೆಲ್ಲ ಅವ ಕೂಡಿಸಿ ಇಟ್ಟಿರುತ್ತಿದ್ದ, ನಾ ಪರದೆಯ ಹಿಂದೆ ಕೂತು ಮಾಡುತ್ತಿದ್ದೆ, ಮಂದಿ ಅವನಿಗೆ ಶಾಭಾಸ್ ಅಂತಿದ್ದರು. ಕಲಿಸಿದ ಖರೆ. ಒಂದನ್ನೂ ಮುಚ್ಚಿಡಲಿಲ್ಲ. ಜಂಗು ಹತ್ತಿದ ಸ್ಕ್ರೂಗೆ ಚಿಮಣಿ ಎಣ್ಣಿ ಬಿಡಬೇಕು, ಆದರೆ ಕೊಳವಿಯೊಳಗೆ ಒಂದು ಹನಿ ಇಳಿದರೂ ಹೊಡೆದಾಗ ಒಳಗೆ ಉರಿದು ಭಡ್ ಅನ್ನುತ್ತದೆ, ಅದಕ್ಕೆ ಅರಿವಿಯಿಂದ ಒರೆಸದೆ ಮುಚ್ಚಬಾರದು. ಸ್ಪ್ರಿಂಗು ಏರಿಸಿದ ಪಿಸ್ತೂಲಿನ ಒಂದು ಸ್ಕ್ರೂ ಕೂಡ ಮುಟ್ಟಬಾರದು. ಸವೆದ ಸ್ಕ್ರೂ ತಿರುಗಿ ಹಾಕಿದರೆ ಕೈ ಮೇಲೆ ಹೊಡೆಯುತ್ತಿದ್ದ. "ನಿನ್ನ ಜಿಪುಣತನ ನಾಳೆ ಇನ್ನೊಬ್ಬ ಮಿಸ್ತ್ರಿ ತಲಿಮ್ಯಾಲ," ಅಂತಿದ್ದ. ನಾ ತಪ್ಪು ಮಾಡಿದರೆ ಸಪ್ಪಳದಿಂದಲೇ ಗೊತ್ತಾಗಿ ಬೈಯುತ್ತಿದ್ದ, ಸರಿ ಮಾಡಿದರೆ ಸುಮ್ಮನಿರುತ್ತಿದ್ದ. ಒಂದು ಸಲವೂ ಛಲೋ ಅನ್ನಲಿಲ್ಲ.

ಜಗಳಾಡಿದ್ದೂ ಉಂಟು. "ನಿಮ್ಮ ಮಕ್ಕಳಿಗಾದ್ರೂ ಹೇಳ್ರಿ," ಅಂದೆ ಒಮ್ಮೆ.

"ಹೇಳಿದ್ರ ಅಂಗಡಿ ಮುಚ್ಚಿ ಮೂಲ್ಯಾಗ ಕುಂದರಸ್ತಾರ. ಮೂಲ್ಯಾಗ ಕುಂತು ನಾ ಏನ್ ಮಾಡ್ಲಿ, ಜ್ವಾಳ ಹಸನ ಮಾಡ್ಲೇನು?"

"ನಾವು ಹೆಂಗಸರು ಜೀವನ ಪೂರಾ ಅದನ್ನ ಮಾಡಿಲ್ಲೇನು?"

ಅವನ ಅಂಜಿಕಿ ನನಗೆ ತಿಳಿಯುತ್ತಿರಲಿಲ್ಲ ಅಂತಲ್ಲ. ತಿಳಿಯುತ್ತಿತ್ತು. ತಿಳಿದರೆ ಸಿಟ್ಟು ಕಡಿಮಿ ಆಗುತ್ತದೆ ಅಂತ ಎಲ್ಲಿ ಬರೆದಿದೆ?

ಒಂದು ಸೋಮವಾರ ಅಂಗಡಿಯಲ್ಲಿ ಕೂತಲ್ಲೇ ಹೋದ. ಮರುದಿನ ಮಂಗಳವಾರ, ನಾ ಎಂದಿನಂತೆ ಹೋದರೆ ಬಾಗಿಲು ಹಾಕಿತ್ತು. ಮನಿಗೆ ಹೋದೆ. ಹೆಂಗಸರ ಕಡೆ ಕೂತೆ. ಹೊರಗೆ ಗಂಡಸರು ಮಣ್ಣಿಗೆ ಒಯ್ಯಲಿಕ್ಕೆ ಸೇರಿದ್ದರು, ಬಾಗಲಕೋಟಿ ಮಾಸ್ತರನೂ ಬಂದಿದ್ದ. ಅವರ ಮಾತು ಒಳಗೆ ಕೇಳುತ್ತಿತ್ತು.

"ಕಡೀತನಕ ಕಣ್ಣು, ಕೈ ಎಷ್ಟು ಚುರುಕು ನೋಡ್ರಿ," ಅಂದ ಒಬ್ಬ.

"ಹೋದ ವಾರ ಒಂದು ಸ್ಕ್ರೂ ತಗದಾರ್ರಿ, ಯಾರಿಗೂ ಆಗದಿದ್ದದ್ದು," ಅಂದ ಮಾಸ್ತರ. "ಇನ್ನ ಆ ಕೈ ಎಲ್ಲಿ ಸಿಗ್ತದ?"

ಹೋದ ವಾರದ ಸ್ಕ್ರೂ ತೆಗೆಯುವಾಗ ಡ್ರೈವರ್ ಜಾರಿ ನನ್ನ ಎಡಗೈ ಬೆರಳು ಹರಿದಿತ್ತು. ಪಟ್ಟಿ ಇನ್ನೂ ಕಟ್ಟಿಕೊಂಡೇ ಇದ್ದೆ. ಬಾಯಿಯವರೆಗೂ ಮಾತು ಬಂತು. ಅವನ ಹೆಂಡತಿ ನನ್ನ ಭುಜದ ಮೇಲೆ ತಲಿ ಇಟ್ಟು ಅಳುತ್ತಿದ್ದಳು. ನುಂಗಿದೆ. ನಾ ಅಳಲಿಲ್ಲ. ಅಳುವಷ್ಟು ಜಾಗಾ ಸಿಟ್ಟು ಬಿಟ್ಟಿರಲಿಲ್ಲ.

ಮಿಸ್ತ್ರಿ ನನಗೆ ಕೊಟ್ಟದ್ದು ದೊಡ್ಡದು. ಇವತ್ತು ನಾ ಉಣ್ಣುವ ರೊಟ್ಟಿ ಅವ ಕಲಿಸಿದ್ದರಿಂದಲೇ. ಆದರೆ ಮಂದಿಯ ಮುಂದೆ ಒಂದೇ ಒಂದು ಸಲ 'ಇದು ಈಕಿ ಮಾಡಿದ್ದು' ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು ಅಂತ ಈಗಲೂ ಕೇಳುತ್ತೇನೆ. ಹೋಗುತ್ತಿತ್ತು, ಗೊತ್ತು. ಆದರೂ ಕೇಳುತ್ತೇನೆ.

ಮಾತು ಕೊಟ್ಟದ್ದು ಅವ ಇರುವತನಕ. ಸತ್ತವನ ಮರ್ಯಾದಿಗೆ ಅಂತ ಇನ್ನೊಂದು ದಿನ ಸುಮ್ಮನಿದ್ದೆ. ಸಾಕು ಅಷ್ಟು.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಬಾಗಲಕೋಟಿಗೆ, ಮಾಸ್ತರನ ಸಾಲಿಗೆ ಹೋದೆ. ಹುಡುಗರು ಸಾಲಾಗಿ ನಿಂತು ಗುರಿ ಹೊಡೆಯುತ್ತಿದ್ದರು. ಮಾಸ್ತರನ ಮುಂದೆ ನಿಂತು, "ಹೋದ ಹದಿನಾಲ್ಕು ತಿಂಗಳು ನಿಮ್ಮ ಪಿಸ್ತೂಲು ರಿಪೇರಿ ಮಾಡಿದಾಕಿ ನಾ. ಮಿಸ್ತ್ರಿಗೆ ಕಣ್ಣು ಇರಲಿಲ್ಲ," ಅಂದೆ.

"ಮಣ್ಣು ಆರಿಲ್ಲ, ಹಿಂಗ ಮಾತಾಡ್ತೀಯಲ್ಲವ್ವಾ!" ಅಂತ ನನ್ನ ಮೇಲೇ ಹರಿಹಾಯ್ದ.

"ಕೆಟ್ಟದ್ದೊಂದು ಕೊಡ್ರಿ."

ಕಪಾಟಿನಿಂದ ಒಂದು ತಂದು ಟೇಬಲ್ಲಿನ ಮೇಲೆ ಕುಕ್ಕಿದ. ಸ್ಕ್ರೂವಿನ ತಲಿ ಪೂರ್ತಿ ಹಾರಿತ್ತು. ಕೊಳವಿ ಖಾಲಿ ಇದೆ ಅಂತ ನೋಡಿದೆ. ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಹೊಸ ಗೀರು ಕೊಯ್ದೆ, ಹರಿದ ಬೆರಳು ಉರಿಯುತ್ತಿತ್ತು. ಹುಡುಗರು ಹೊಡೆಯುವುದು ಬಿಟ್ಟು ಸುತ್ತ ಬಂದು ನಿಂತರು. ಒತ್ತಿ ಹಿಡಿದು ಬಿಗಿ ಕಡೆ ಒಂದು ಕೂದಲೆಳೆ ತಿರುವಿದೆ, ಆಮೇಲೆ ಈ ಕಡೆ. ಸ್ಕ್ರೂ ಬಂತು. ಮಾಸ್ತರನ ಅಂಗೈಯಲ್ಲಿ ಇಟ್ಟೆ.

ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಫೋನು ತೆಗೆದು ನನ್ನ ನಂಬರು ಕೇಳಿ ಒತ್ತಿಕೊಂಡು, "ಏನಂತ ಬರ್ಕೊಳ್ಳಲಿ, ಫುಗ್ಗಾದ ಅವ್ವ ಅಂತ?" ಅಂದ.

ನನ್ನ ಹೆಸರು ಹೇಳಿದೆ. ಬರಕೊಂಡ. ಫೋನು ಈ ಕಡೆ ತಿರುಗಿಸ್ರಿ ಅಂದೆ. ಮೂರನೇ ಕ್ಲಾಸಿನತನಕ ಸಾಲಿ ಕಲಿತವಳಿಗೆ ತನ್ನ ಹೆಸರಾದರೂ ಓದಲಿಕ್ಕೆ ಬರುತ್ತದೆ. ತಪ್ಪು ಬರೆದಿದ್ದ. ತಿದ್ದಿಸಿದೆ.