ಮೆಟ್ಟಿಲಿಲ್ಲದ ಗೋದಲಿ

ತ್ರಿಪ್ಲಿಕೇನಿನಲ್ಲಿ ನಮ್ಮದು ಗೊಂಬೆ ಅಂಗಡಿ. ನವರಾತ್ರಿಗೆ ದಶಾವತಾರ, ಡಿಸೆಂಬರಿಗೆ ಬಾಲಯೇಸು. ಮಣ್ಣು ಒಂದೇ, ಅಚ್ಚು ಬೇರೆ. ದೇವರುಗಳಲ್ಲಿ ನಾನು ಭೇದ ಎಣಿಸುವವನಲ್ಲ. ಗಿರಾಕಿಗಳಲ್ಲಿ ಎಣಿಸುತ್ತೇನೆ.

ಹೋದ ವರ್ಷ ಕ್ರೋಂಪೇಟೆಯ ಚರ್ಮದ ಕಾರ್ಖಾನೆಯ ಯಜಮಾನರು, ಇಗ್ನೇಷಿಯಸ್ ಎಂದು ಹೆಸರು, ತಮ್ಮ ಚರ್ಚಿಗೆ ದೊಡ್ಡದೊಂದು ಗೋದಲಿ ಮಾಡಿಸಿದರು. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಅದರೊಳಗಿನ ಗೊಂಬೆಗಳ ಸಮೇತ. “ರಾವ್ ಸಾರ್, ಕ್ರಿಸ್‌ಮಸ್ ಬೆಳಿಗ್ಗೆ ಕೂಟ ಜಾಸ್ತಿ. ನಿಂತಲ್ಲೇ ನಿಂತು ನೋಡೋ ಹಾಗಿರ್ಬೇಕು” ಎಂದು ಹೇಳಿ ಹೋದರು.

ಅದು ನನ್ನ ಹೆಂಡತಿ ಅಂಬುಜಮ್ಮನ ಖಾತೆ. ಐದು ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ನವರಾತ್ರಿಗೆ ಪಟ್ಟದ ಗೊಂಬೆ ಕೂರಿಸುವ ಮೇಲಿನ ಮೆಟ್ಟಿಲಲ್ಲಿ ಮೂವರು ರಾಜರನ್ನೂ ಅವರ ನಡುವೆ ಮಗುವನ್ನೂ ಕೂರಿಸಿದಳು. ಕೆಳಗೆ ತಾಯಿ ತಂದೆ, ಅದರ ಕೆಳಗೆ ದೇವದೂತರು, ಆಮೇಲೆ ಹಸು, ಒಂಟೆ. ಕುರುಬರಿಗೂ ಕುರಿಗಳಿಗೂ ಕಟ್ಟಕಡೆಯ ಮೆಟ್ಟಿಲು. ಪ್ರತಿ ನವರಾತ್ರಿಗೆ ಅಕ್ಕಿ ಬೇಳೆ ಹರಡಿಕೊಂಡು ಅಂಗಡಿಯ ಚೆಟ್ಟಿಯಾರ್ ಗೊಂಬೆ ಕೂರುವ ಜಾಗ ಅದು.

ಸಾಮಾನು ಒಯ್ಯಲು ಬಂದವನು ಚೌರಪ್ಪ. ಆನೇಕಲ್ ಕಡೆಯ ಕನ್ನಡದ ಕ್ರೈಸ್ತ. ಅಪ್ಪ ರೈಲ್ವೆ ಹಳಿ ಹಾಕುತ್ತ ಇಲ್ಲಿಗೆ ಬಂದವರು. ಚೌರಪ್ಪ ಚರ್ಮ ಹದಮಾಡುವ ಸುಣ್ಣದ ತೊಟ್ಟಿಯಲ್ಲಿ ಅರ್ಧ ಆಯಸ್ಸು ಕಳೆದ. ಕೈಯ ಚರ್ಮವೂ ಹದವಾಗಿಬಿಟ್ಟ ಮೇಲೆ ಯಜಮಾನರ ಮಾತಿನಿಂದ ಚರ್ಚಿನಲ್ಲಿ ಗಂಟೆ ಹೊಡೆಯುವ, ಮೇಣದಬತ್ತಿ ಹಚ್ಚುವ ಕೆಲಸ ಸಿಕ್ಕಿತು. ಅದರ ಜೊತೆಗೆ ಹಿಂಬದಿಯ ಒಂದು ಕೋಣೆ, ಹೆಂಡತಿಗೆ ಒಂದು ಒಲೆ. ಮಕ್ಕಳು ತಮಿಳಿನಲ್ಲಿ ಬೈಯುತ್ತಾರೆ, ಇವನು ಕನ್ನಡದಲ್ಲಿ ಜಪ ಮಾಡುತ್ತಾನೆ.

ಮೆಟ್ಟಿಲು ನೋಡಿದವನೇ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ.

“ಏನೋ ನಗ್ತೀಯ? ದೇವರಲ್ವೇ, ಮೇಲೇ ಇರಬೇಕು ತಾನೇ?” ಎಂದಳು ಅಂಬುಜಮ್ಮ.

“ಮೇಲಿದ್ದೋನೇ ಅಮ್ಮಾ. ಇಳಿದು ಬಂದಿದ್ದಕ್ಕೇ ಅಲ್ವಾ ಈ ಹಬ್ಬ?” ಚೌರಪ್ಪ ಮಗುವನ್ನು ತೆಗೆದು ನೆಲದ ಮೇಲೆ, ಪೆಟ್ಟಿಗೆಯ ಹುಲ್ಲಿನಲ್ಲಿ ಮಲಗಿಸಿದ. “ಕುರುಬರು ದಿನಾ ನೆಲದ ಮೇಲೇ ಮಲಗೋರು, ಅದಕ್ಕೆ ಸುದ್ದಿ ಅವರಿಗೇ ಮೊದ್ಲು ಬಂತು. ರಾಜರೂ ಬರಬೋದು, ಬ್ಯಾಡ ಅಂದೋರು ಯಾರು? ಒಂಟೆ ಇಳಿದು ಬರಬೇಕು, ಅಷ್ಟೆ. ಇಳೀದೆ ಅರಮನೇಲೇ ಕೂತು ಈ ಮಗೂನ ಕೊಲ್ಸೋಕೆ ನೋಡ್ದೋನು ಹೆರೋದರಾಜ. ಅವನ ಗೊಂಬೆ ಯಾರಾದ್ರೂ ಇಡ್ತಾರಾ?”

ಆ ಗೊಂಬೆಗೆ ಇದುವರೆಗೆ ಒಂದು ಆರ್ಡರೂ ಬಂದಿಲ್ಲ, ನಿಜ.

“ಸರಿ, ವ್ಯಾಪಾರಸ್ಥರು ಯಾರೂ ಇಲ್ವೇನೋ ಇದರಲ್ಲಿ?” ಎಂದೆ.

“ಅವ್ನೆ ಸ್ವಾಮಿ. ಬಸುರಿ ಹೆಂಗಸಿಗೆ ಜಾಗ ಇಲ್ಲ ಅಂದ ಛತ್ರದೋನು.”

ಅಂಬುಜಮ್ಮ ಒಂದು ವಾರ ನನ್ನನ್ನು ಛತ್ರದವರೇ ಎಂದು ಕರೆದಳು.

ಆದರೆ ಅಂದು ನಾನು ಇಗ್ನೇಷಿಯಸ್ ಅವರ ಅಪ್ಪಣೆ ನೆನಪಿಸಿದಾಗ ಚೌರಪ್ಪನ ನಗು ಇಂಗಿತು. “ನೆಲದ ಮೇಲಿಟ್ರೆ ಅವರಿಗೆ ಕಾಣಲ್ಲ ಕಣಯ್ಯಾ. ನಿನ್ನ ಕೆಲಸಕ್ಕೆ ಸಂಚಕಾರ” ಎಂದೆ.

“ಕೋಣೇನೂ ಹೋಗ್ತದೆ ಸ್ವಾಮಿ. ನೆಲದ ಮೇಲಿಡ್ಲಾ ಅಂತ ಮೊದ್ಲೇ ಫಾದರ್‌ನ ಕೇಳ್ದೆ. ನೀನುಂಟು ಅವರುಂಟು ಅಂದ್ಬುಟ್ರು.” ಟವೆಲ್ ತಲೆಗೆ ಸುತ್ತಿಕೊಂಡ. ಆಮೇಲೆ ಗೊಂಬೆಗಳನ್ನು ಆಟೋಗೆ ತುಂಬಿದ. ಮೆಟ್ಟಿಲುಗಳನ್ನು ಅಂಗಡಿಯಲ್ಲೇ ಬಿಟ್ಟುಹೋದ.

ಕ್ರಿಸ್‌ಮಸ್ ಬೆಳಿಗ್ಗೆ ನಾನೂ ಕ್ರೋಂಪೇಟೆಗೆ ಹೋದೆ. ಚೌರಪ್ಪನ ಮೇಲಿನ ಮಮತೆ ಅಂತಲೇ ಇಟ್ಟುಕೊಳ್ಳಿ. ಸೆಟ್ಟು ವಾಪಸು ಬಂದೀತೆಂಬ ಭಯವೂ ಇತ್ತು. ಚರ್ಚಿನ ಬಾಗಿಲ ಪಕ್ಕದಲ್ಲೇ ತೆಂಗಿನ ಗರಿಯ ಗುಡಿಸಲು, ಸೂರು ನನ್ನ ಸೊಂಟಕ್ಕೆ ಬರುತ್ತಿತ್ತು. ನಿಂತವರಿಗೆ ಬರೀ ಗರಿ. ಮಕ್ಕಳು ಮಾತ್ರ ಸಲೀಸಾಗಿ ನೋಡಿ ಕೂಗುತ್ತಿದ್ದವು. ಚೌರಪ್ಪನ ಹೆಂಡತಿ ಕೋಣೆಯ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದಳು.

ಪೂಜೆ ಮುಗಿಸಿ ಇಗ್ನೇಷಿಯಸ್ ಹೊರಬಂದರು. ರೇಷ್ಮೆ ಪಂಚೆ, ಮುಂದೆ ಹೊಟ್ಟೆ, ಹಿಂದೆ ನಾಲ್ಕು ಜನ. ಗರಿ ನೋಡಿದರು, ಚೌರಪ್ಪನನ್ನು ನೋಡಿದರು.

“ಎಲ್ಲಪ್ಪಾ ಮಗು?”

“ಒಳಗೆ ಅಯ್ಯಾ. ಸ್ವಲ್ಪ ಬಗ್ಗಬೇಕು.” ಚೌರಪ್ಪ ಟವೆಲನ್ನು ಕಂಕುಳಿಗೆ ಸೇರಿಸಿದ.

ಹಿಂದಿದ್ದ ನಾಲ್ವರಲ್ಲಿ ಒಬ್ಬ “ಯಾರಿಗೆ ಹೇಳ್ತಿದೀಯ ಗೊತ್ತಾ?” ಎಂದು ಮುಂದೆ ಬಂದ. ಇಗ್ನೇಷಿಯಸ್ ಕೈ ಅಡ್ಡ ಹಿಡಿದರು. ಬಗ್ಗಿ ನೋಡಿದರು, ಹೊಟ್ಟೆ ಬಿಡಲಿಲ್ಲ. ಕೊನೆಗೆ ಪಂಚೆ ಎತ್ತಿ ಕಟ್ಟಿ ಮೊಣಕಾಲೂರಿ, ತಲೆ ಗುಡಿಸಲೊಳಗೆ ತೂರಿಸಿದರು. ಅವರ ಒಂದು ಪಕ್ಕ ಬಲೂನು ಹಿಡಿದ ಮಗು, ಇನ್ನೊಂದು ಪಕ್ಕ ಬೀದಿ ಗುಡಿಸುವ ಹೆಂಗಸು. ಮೂರೂ ತಲೆಗಳು ಒಂದೇ ಎತ್ತರಕ್ಕೆ ಬಂದಿದ್ದವು.

ಯಜಮಾನರು ಬಹಳ ಹೊತ್ತು ಹೊರಗೆ ಬರಲಿಲ್ಲ. ಚೌರಪ್ಪ ಬಟ್ಟೆಬರೆ ಗಂಟು ಕಟ್ಟುವುದನ್ನೇ ಯೋಚಿಸುತ್ತಿದ್ದನೇನೋ.

“ಚೌರಪ್ಪಾ,” ಗುಡಿಸಲೊಳಗಿಂದ ದನಿ ಬಂತು, “ಎಬ್ಬಿಸಯ್ಯಾ. ಕಾಲು ಹಿಡ್ಕೊಂಡಿದೆ.”

ಸುಣ್ಣದಲ್ಲಿ ಬೆಂದ ಆ ಕೈಗಳು ಯಜಮಾನರ ಕಂಕುಳಿಗೆ ಹೋದವು. ಎದ್ದು ನಿಂತು ಅವರು ಉಸಿರು ಬಿಟ್ಟರು. ಮೊಣಕಾಲಿನ ಮಣ್ಣು ಒರೆಸಲು ಬಗ್ಗಿದ ನಾಲ್ವರನ್ನು ದೂರ ಸರಿಸಿದರು. “ಇಷ್ಟು ವರ್ಷ ದೇಣಿಗೆ ಕೊಟ್ಟೆ, ಇವತ್ತೇ ಮುಖ ನೋಡಿದ್ದು” ಎಂದು ಯಾರಿಗೂ ಅಲ್ಲದಂತೆ ಹೇಳಿ, ಚೌರಪ್ಪನ ಕಡೆ ತಿರುಗಿದರು. “ಬರೋ ವರ್ಷ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸು.”

ಚೌರಪ್ಪನಿಗೆ ಕಂಬಿ ಕೇಳಿಸಿತೋ ಇಲ್ಲವೋ. ‘ಬರೋ ವರ್ಷ’ ಕೇಳಿಸಿತ್ತು, ಅವನ ಹೆಂಡತಿಗೂ. ಅವಳು ಸೆರಗು ಬಿಟ್ಟು, ಹಬ್ಬಕ್ಕೆ ಕರಿದಿಟ್ಟ ಅಚ್ಚುಮುರುಕಿನ ಡಬ್ಬಿ ತೆಗೆದಳು.

“ಛತ್ರದೋರೇ, ನೀವೂ ನೋಡಿ” ಎಂದ ಚೌರಪ್ಪ. ಮುರುಕು ಬಾಯಲ್ಲಿಟ್ಟುಕೊಂಡು ನಾನೂ ಮೊಣಕಾಲೂರಿದೆ. ರಾಜರು ಮಗುವಿನ ಕಡೆ ತಿರುಗಿ ಮಣಿದಿದ್ದರು. ಅವರ ಬೆನ್ನು ನಮ್ಮ ಕಡೆಗಿತ್ತು. ಮೆಟ್ಟಿಲ ಮೇಲಿಡುವ ಗೊಂಬೆಯ ಬೆನ್ನನ್ನು ಯಾರೂ ನೋಡುವುದಿಲ್ಲವೆಂದು ನಾವು ಅಲ್ಲಿಗೆ ಬಣ್ಣ ಹಚ್ಚುವುದಿಲ್ಲ. ಮೂವರದೂ ಬರೀ ಮಣ್ಣು. ಪುಣ್ಯಕ್ಕೆ ಯಜಮಾನರು ಮಗುವನ್ನು ಮಾತ್ರ ನೋಡಿದ್ದರು.