ತಿಕೋಟಾದಲ್ಲಿ ನಾನು ನುಂಗಿದ ಮಾತು

ಕೊರೋನಾ ಗದ್ದಲ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ವಿಜಯಪುರದಲ್ಲಿ ಒಬ್ಬ ಹಿರಿಯ ಮಿಷನರಿ ದಂಪತಿಗೆ ವ್ಯಾನ್ ಚಾಲಕನಾಗಿದ್ದೆ, ಜೊತೆಗೆ ದುಭಾಷಿಯೂ ಆಗಿದ್ದೆ. ಒಬ್ಬರು ಆಡಿದ ಮಾತನ್ನು ಅಲ್ಲೇ ನಿಂತು ಇನ್ನೊಬ್ಬರ ಭಾಷೆಗೆ ದಾಟಿಸುವವನೇ ದುಭಾಷಿ. ಅದಕ್ಕಾಗಿ ನಾನು ಯಾವ ತರಬೇತಿಯನ್ನೂ ಪಡೆದವನಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ. ಸರ್ಕಾರಿ ಬಸ್ಸಿನ ಚಾಲಕನಾಗಿ ಬಹಳ ವರ್ಷ ಸೊಲ್ಲಾಪುರ, ಪುಣೆ ಮಾರ್ಗದಲ್ಲಿ ಓಡಾಡಿದ್ದರಿಂದ ಹಿಂದಿ ಬಂದಿತ್ತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಬೇಸರವಾಗಿ ಈ ಕೆಲಸ ಹಿಡಿದೆ.

ಪೌಲುಸ್ ಸಾಹೇಬರು ಜಾರ್ಖಂಡ್ ಕಡೆಯವರು, ನಿವೃತ್ತ ಹೆಡ್‌ಮಾಸ್ತರು. ಅವರ ಹೆಂಡತಿ ಸುಶೀಲಾ ಅಮ್ಮ ನರ್ಸ್ ಆಗಿ ನಿವೃತ್ತರಾದವರು. ಇಬ್ಬರಿಗೂ ಅರವತ್ತೈದು ದಾಟಿತ್ತು. ಅವರ ಚರ್ಚಿನ ಸಭೆಯವರು ಎರಡು ವರ್ಷದ ಮಟ್ಟಿಗೆ ಇಲ್ಲಿಗೆ ಕಳಿಸಿದ್ದರು. ತೊರವಿ ರಸ್ತೆಯ ಬದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ನನ್ನ ಬಸ್ಸಿನ ಹಳೆಯ ಗೆಳೆಯರು ಚಹಾದಂಗಡಿಯಲ್ಲಿ ಸಿಕ್ಕಾಗಲೆಲ್ಲ, “ಏನೋ ಹಣಮಂತಾ, ಹೆಸರ ಯಾವಾಗ ಬದಲಿ ಮಾಡ್ಕೊಳ್ಳಾಂವ?” ಎಂದು ಕಾಲೆಳೆಯುತ್ತಿದ್ದರು. ಕೇಳಿದವರಿಗೆ ಮಾತ್ರ ದೇವರ ಮಾತು, ಕೇಳದವರಿಗೆ ಮುಲಾಮು ಪಟ್ಟಿ ಅಷ್ಟೇ ಎಂಬುದು ಅಮ್ಮ ತಾವೇ ಹಾಕಿಕೊಂಡ ನಿಯಮ. ಅದನ್ನು ಅವರು ಮೀರಿದ್ದನ್ನು ನಾನು ನೋಡಲಿಲ್ಲ.

ಅವರ ವಾರ ಹೀಗಿರುತ್ತಿತ್ತು. ಸೋಮವಾರ, ಶುಕ್ರವಾರ ಮನೆ. ಮಂಗಳವಾರ ತಿಕೋಟಾ, ನಗರದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಬುಧವಾರ ನಗರದ ಆಸ್ಪತ್ರೆಯಲ್ಲಿ ದಿಕ್ಕಿಲ್ಲದ ರೋಗಿಗಳ ಭೇಟಿ. ಗುರುವಾರ ಬಬಲೇಶ್ವರ. ಶನಿವಾರ ಸಭೆಯವರ ಮನೆಮನೆಗೆ ಹೋಗಿ ಹಾಡು. ಭಾನುವಾರ ಆರಾಧನೆ. ಡಿಸೆಂಬರ್ ಬಂದರೆ ಆ ಎರಡು ದಿನದ ವಿಶ್ರಾಂತಿಯೂ ಹೋಗುತ್ತಿತ್ತು. ಸಾಹೇಬರು ಬಿದಿರು ಕಡ್ಡಿ ಕಟ್ಟಿ, ಬಣ್ಣದ ಹಾಳೆ ಅಂಟಿಸಿ ನಕ್ಷತ್ರ ಮಾಡುತ್ತಿದ್ದರು. ಅಮ್ಮ ಬಾಣಲೆ ಇಟ್ಟು ಅರಸಾ ಕರಿಯುತ್ತಿದ್ದರು. ಅಕ್ಕಿ ಹಿಟ್ಟನ್ನು ಬೆಲ್ಲದ ಪಾಕದಲ್ಲಿ ಕಲಸಿ ಕರಿಯುವ ತಿಂಡಿ ಅದು, ನಮ್ಮ ಅತ್ರಾಸದ ಹಾಗೆಯೇ. ಸಾಹೇಬರಿಗೆ ಮಂಡಿನೋವು, ಅಮ್ಮನಿಗೆ ಬಿ.ಪಿ. ಆದರೂ ಕ್ರಿಸ್‌ಮಸ್ ತಿಂಗಳಲ್ಲಿ ಒಂದು ಮನೆಯೂ ತಪ್ಪಬಾರದು ಎಂಬ ಹಟ ಇಬ್ಬರಿಗೂ ಒಂದೇ.

ತಿಕೋಟಾದಲ್ಲಿ ಅಮ್ಮ ನೋಡುತ್ತಿದ್ದವರಲ್ಲಿ ಗೌರವ್ವ ಒಬ್ಬಳು. ಎಪ್ಪತ್ತರ ಹತ್ತಿರದ ವಿಧವೆ, ಸಭೆಗೆ ಸೇರಿದವಳಲ್ಲ. ಜೋಳದ ಖಡಕ್ ರೊಟ್ಟಿ ಬಡಿದು, ಬುಟ್ಟಿ ಹೊತ್ತು ಬಸ್ ನಿಲ್ದಾಣದ ಖಾನಾವಳಿಗಳಿಗೆ ಕೊಟ್ಟು ಬರುತ್ತಿದ್ದಳು. ಮಗ ಬಸು ದ್ರಾಕ್ಷಿ ತೋಟಗಳಲ್ಲಿ ಔಷಧ ಹೊಡೆಯುವ ಕೆಲಸಗಾರ. ಗೌರವ್ವನಿಗೆ ಹಳೆಯ ಸಕ್ಕರೆ ಕಾಯಿಲೆ. ದೀಪಾವಳಿಯ ಹೊತ್ತಿಗೆ ಅವಳ ಹಿಮ್ಮಡಿಯ ಹುಣ್ಣನ್ನು ಅಮ್ಮ ವಾರ ವಾರ ತೊಳೆದು, ಕಟ್ಟಿ ವಾಸಿ ಮಾಡಿದ್ದರು. ಆಗಲೇ ಅವರು ನನಗೆ ನ್ಯೂರೋಪಥಿ ಎಂಬ ಮಾತು ಕಲಿಸಿದ್ದು. ಸಕ್ಕರೆ ಹೆಚ್ಚಾಗಿ ಕಾಲಿನ ನರಗಳು ಸತ್ತರೆ ಮುಳ್ಳು ಚುಚ್ಚಿದರೂ, ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ನೋವಿಲ್ಲ ಎಂದು ರೋಗಿ ಹೇಳಿದರೆ ನಾವು ಹೆದರಬೇಕು ಎಂದಿದ್ದರು. ಇದು ನನಗೆ ಗೊತ್ತಿತ್ತು ಎಂಬುದನ್ನು ಓದುವವರು ಮರೆಯಬಾರದು.

ನನ್ನ ಕೆಲಸದಲ್ಲಿ ನಾನೇ ಕಂಡುಕೊಂಡ ಒಂದು ಜಾಣತನವಿತ್ತು. ನಮ್ಮ ಮಂದಿ ಹೊಟ್ಟೆನೋವು ಹೇಳಬೇಕಾದರೆ ಬೀಗರ ಮದುವೆಯಿಂದ ಶುರು ಮಾಡುತ್ತಾರೆ. ನಾನು ಅದನ್ನೆಲ್ಲ ಕೇಳಿ, ಸಿಪ್ಪೆ ಸುಲಿದು, ತಿರುಳು ಮಾತ್ರ ಹಿಂದಿಯಲ್ಲಿ ಹೇಳುತ್ತಿದ್ದೆ. “ಇಷ್ಟು ಹೊತ್ತು ಮಾತಾಡಿದರು, ನೀನು ಎರಡೇ ಮಾತು ಹೇಳಿದೆಯಲ್ಲ” ಎಂದು ಅಮ್ಮ ಒಮ್ಮೊಮ್ಮೆ ಅನುಮಾನದಿಂದ ನೋಡುತ್ತಿದ್ದರು. ಉಳಿದದ್ದು ಹರಟೆ ಎಂದು ನಾನು ನಗುತ್ತಿದ್ದೆ.

ಕ್ರಿಸ್‌ಮಸ್ಸಿನ ಹಿಂದಿನ ಮಂಗಳವಾರ. ತಿಕೋಟಾದ ಮನೆಗಳನ್ನು ಮುಗಿಸಿ ಘೋಣಸಗಿಗೆ ಹೋಗುವುದಿತ್ತು. ಅಲ್ಲಿ ಸಭೆಯ ಒಂದು ಕುಟುಂಬ ಆಡು ಕಡಿದು ಊಟಕ್ಕೆ ಕರೆದಿತ್ತು. ಹೊತ್ತು ಮಧ್ಯಾಹ್ನ ದಾಟಿತ್ತು. ಬೆಳಿಗ್ಗೆ ಒಂದು ಚಹಾ ಕುಡಿದವನು ನಾನು. ಕೊನೆಯ ಮನೆ ಗೌರವ್ವನದು. ಅವತ್ತು ಪಟ್ಟಿ ಕಟ್ಟುವುದಿರಲಿಲ್ಲ, ಬರೀ ಹಬ್ಬದ ಭೇಟಿ. ಚಳಿಗೆ ಅವಳು ಗೋಡೆಗೆ ಒರಗಿ, ಕಾಲ ಮೇಲೆ ಕೌದಿ ಹೊದ್ದು ಕೂತಿದ್ದಳು.

ಅಮ್ಮ ಅವಳ ಕೈಗೆ ಅರ್ಧ ಅರಸಾ ಕೊಟ್ಟರು. ಸಕ್ಕರೆ ಕಾಯಿಲೆಯವರಿಗೆ ಅಷ್ಟೇ ಲೆಕ್ಕ.

“ಅರ್ಧ ಯಾಕೋ ತಮ್ಮಾ? ಉಳದರ್ಧ ಸಾಹೇಬಗೇನು?” ಎಂದಳು ಗೌರವ್ವ.

“ನಿನ್ನ ಸಕ್ರಿ ನೀ ನೋಡ್ಕೋ ಅಕ್ಕಾ. ಸಾಹೇಬ್ರ ಪಾಲಿಗಿ ಯಾಕ ಕಣ್ಣ ಹಾಕ್ತಿ?”

“ಅಂವ ಮುದುಕ ದಿನಾ ತಿಂತಾನ ಬಿಡು. ಹಬ್ಬ ಅಂತ ಮನಿಗಿ ಬಂದು ಅರ್ಧ ಕೊಡೂ ಮಂದೀನ ನಾ ಇವತ್ತs ನೋಡಿದ್ದು.”

ಇದನ್ನು ನಾನು ಪೂರ್ತಿ ದಾಟಿಸಿದೆ. ಎಲ್ಲರೂ ನಕ್ಕರು. ಗೌರವ್ವನಿಗೆ ಹುರುಪು ಬಂತು.

“ಮೊನ್ನಿ ಹೊಲಕ್ಕ ಸೀತನಿ ತಿನ್ನಾಕ ಹೋಗಿದ್ವಿ. ಎಲ್ಲಾರೂ ತೆನಿ ತಿಕ್ಕಾಕತ್ತಿದ್ರು. ತೆನಿ ಮುಂದ ಚಪ್ಲಿ ಬ್ಯಾಡಂತ ನಾ ಬಿಟ್ಟು ನಿಂತಿದ್ದೆ. ನಮ್ಮ ಸೊಸಿ, ‘ಅತ್ತೀ, ಏನೋ ಸುಟ್ಟ ನಾತ ಬರಾಕತ್ತೈತಿ’ ಅಂದ್ಳು. ನೋಡಿದ್ರ ನಾನs ಕೆಂಡದ ಮ್ಯಾಲ ನಿಂತೇನಿ. ತೆನಿ ಸುಡಾಕ ಬಂದು ಮುದುಕಿ ಸುಟ್ಕೊಂಡ್ಳು ಅಂತ ಮಂದಿ ನಕ್ಕದ್ದs ನಕ್ಕದ್ದು. ನನಗ ಉರೀನೂ ಇಲ್ಲ, ಏನೂ ಇಲ್ಲ. ಎಣ್ಣಿ ಅರಿಷಿಣ ಹಚ್ಚಿ ಬಿಟ್ಟೇನಿ. ನನ್ನ ಚರ್ಮ ಎಮ್ಮೀದು ಆಗೈತಿ ನೋಡು.”

ಹಸಿ ಜೋಳದ ತೆನೆಯನ್ನು ಕುಳಿಯ ಕೆಂಡದಲ್ಲಿ ಸುಟ್ಟು, ಬಿಸಿಯಿದ್ದಾಗಲೇ ತಿಕ್ಕಿ ತಿನ್ನುವುದು ಸೀತನಿ. ನಮ್ಮ ಕಡೆ ಚಳಿಗಾಲದ ಸಂಭ್ರಮ. ಅವಳು ಹೇಳಿದ ರೀತಿಗೆ ನಾನೂ ನಕ್ಕೆ.

“ಕ್ಯಾ ಬೋಲಿ?” ಏನಂದಳು ಎಂದು ಕೇಳಿದರು ಅಮ್ಮ.

ಹೊಲಕ್ಕೆ ಹೋಗಿ ಸೀತನಿ ತಿಂದು ಬಂದಳಂತೆ, ಆರಾಮ ಇದ್ದಾಳೆ ಎಂದೆ.

ಅಮ್ಮ ಕೌದಿಯ ಕಡೆ ನೋಡಿ, “ಬಂದಿದ್ದೇವಲ್ಲ, ಒಮ್ಮೆ ಕಾಲು ನೋಡಲೇ ಎಂದು ಕೇಳು” ಎಂದರು.

ನಾನು ಗೌರವ್ವನನ್ನು ಕೇಳಲೇ ಇಲ್ಲ. ಬಾಗಿಲ ಕಡೆ ತಿರುಗಿ, “ಬರುವ ವಾರ ನೋಡಿದರಾಯಿತು ಎನ್ನುತ್ತಾಳೆ” ಎಂದುಬಿಟ್ಟೆ. ಕಾಲು ಬಿಚ್ಚಿದರೆ ನೀರು ಕಾಯಿಸಬೇಕು, ತೊಳೆಯಬೇಕು, ಕಟ್ಟಬೇಕು. ಘೋಣಸಗಿಯ ಊಟ ಆರುತ್ತಿತ್ತು. ಇದೊಂದೇ ಕಾರಣ, ಬೇರೆ ಇಲ್ಲ.

ಕ್ರಿಸ್‌ಮಸ್ ಚೆನ್ನಾಗಿ ಆಯಿತು. ಆದರೆ ಮಂಜಿನಲ್ಲಿ ಮನೆಮನೆ ಸುತ್ತಿದ್ದಕ್ಕೆ ಸಾಹೇಬರಿಗೆ ಜ್ವರ ಬಂದು, ಮುಂದಿನ ಮಂಗಳವಾರ ತಿಕೋಟಾಕ್ಕೆ ಹೋಗಲಾಗಲಿಲ್ಲ. ಹೋದದ್ದು ಅದರ ಮುಂದಿನ ವಾರ. ಗೌರವ್ವ ಅದೇ ಗೋಡೆಗೆ ಒರಗಿದ್ದಳು, ಮೈ ಸುಡುತ್ತಿತ್ತು. ಕೌದಿ ಸರಿಸುತ್ತಲೇ ವಾಸನೆ ಬಂತು. ಬಲಗಾಲಿನ ಮೂರು ಬೆರಳು ಕಪ್ಪಾಗಿದ್ದವು, ಅಂಗಾಲು ಬಾತು ಕೀವಾಗಿತ್ತು. ನಡೆಯುವ ಹೆಂಗಸಿನ ಕಾಲು ಉಳಿಯುತ್ತದೆಯೋ ಇಲ್ಲವೋ ಎಂಬ ಸ್ಥಿತಿ.

ಅಮ್ಮ ಬೆರಳುಗಳನ್ನು ಮುಟ್ಟಿ ನೋಡಿದರು. ಇದು ಯಾವಾಗ ಆಯಿತು, ನನಗೇಕೆ ಹೇಳಲಿಲ್ಲ ಎಂದು ಗದರಿದರು. ಅದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನು.

“ಯಾಕ ಹೇಳಲಿಲ್ಲ ಅಂತ ಕೇಳಾಕತ್ತಾರ ಅಕ್ಕಾ.”

ಗೌರವ್ವ ಜ್ವರದ ಕಣ್ಣಿನಲ್ಲೇ ನನ್ನನ್ನು ನೋಡಿದಳು. “ನಿನ್ನ ಮುಂದ ಹೇಳಿದ್ನಲ್ಲೋ ತಮ್ಮಾ. ನೀನೂ ನಕ್ಕಿ.”

ಅಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದರು. ಅವಳ ಮಾತನ್ನು ನಾನು ದಾಟಿಸಿಯೇ ಇಲ್ಲವೆಂದು ಗೌರವ್ವನಿಗೆ ತಿಳಿದಿರಬೇಕು. ದನಿ ಇಳಿಸಿ ಹೇಳಿದಳು: “ಮರತಿದ್ನಂತ ಹೇಳು. ಮುದುಕಿ, ನೆನಪಿರೂದಿಲ್ಲ ಅಂತ ಹೇಳು.”

ಆ ಮಾತನ್ನು ನಾನು ಒಂದಕ್ಷರ ಬಿಡದೆ ದಾಟಿಸಿದೆ.

ವ್ಯಾನಿನಲ್ಲೇ ಅವಳನ್ನು ವಿಜಯಪುರದ ಆಸ್ಪತ್ರೆಗೆ ತಂದೆವು. ಮೂರು ಬೆರಳು, ಅಂಗಾಲಿನ ಮುಂದಿನ ಭಾಗ ಸ್ವಲ್ಪ ತೆಗೆದರು. ಹಿಮ್ಮಡಿ ಉಳಿಯಿತು. ಬೇಗ ತಂದಿದ್ದರೆ ಬೆರಳೂ ಉಳಿಯುತ್ತಿದ್ದವು ಎಂದು ಸರ್ಜನ್ ಹೇಳಿದರು. ಕೋಲು ಹಿಡಿದು ನಡೆಯಬಹುದು, ಬುಟ್ಟಿ ಹೊತ್ತು ತಿರುಗುವುದು ಇನ್ನು ಆಗದು ಎಂದರು.

ಆ ಗುರುವಾರ ಬಬಲೇಶ್ವರದಲ್ಲಿ ಸಕ್ಕರೆ ಕಾಯಿಲೆಯ ಹತ್ತಾರು ಜನ ಜಗಲಿಯ ಮೇಲೆ ಕೂತಿದ್ದರು. ಅಮ್ಮ ಅವರಿಗೆ ಕಾಲಿನ ಆರೈಕೆ ವಿವರಿಸುತ್ತ, “ತಿಕೋಟಾದ ಒಬ್ಬಾಕೆ ಸುಟ್ಟ ಗಾಯವನ್ನು ನನಗೆ ಹೇಳದೆ ಉಳಿಸಿಕೊಂಡಳು, ಈಗ ಬೆರಳು ಕಳೆದುಕೊಂಡಿದ್ದಾಳೆ. ನೀವು ಹಾಗೆ ಮಾಡಬೇಡಿ” ಎಂದರು. ನಾನು “ತಿಕೋಟಾದಾಗ ಒಬ್ಬಾಕಿ” ಎಂದು ಶುರು ಮಾಡಿದವನು ಮುಂದಕ್ಕೆ ಹೇಳಲಾಗಲಿಲ್ಲ. ಜನ ಕಾಯುತ್ತಿದ್ದರು. “ಏನ್ ಮಾಡಿದ್ಳರಿ ಅಕಿ?” ಎಂದು ಮುಂದೆ ಕೂತಿದ್ದ ಒಬ್ಬ ಅಜ್ಜ ಕೇಳಿದ. ಎದೆ ನೋಯುತ್ತಿದೆ ಎಂದು ಸುಳ್ಳು ಹೇಳಿ ಎದ್ದು ಹೋದೆ.

ಮರಳುವಾಗ ಇನ್ನೂ ಊರು ದಾಟಿರಲಿಲ್ಲ, ಅಮ್ಮ ನನ್ನ ನಾಡಿ ನೋಡಬೇಕೆಂದು ವ್ಯಾನ್ ನಿಲ್ಲಿಸಲು ಹೇಳಿದರು. ನಿಲ್ಲಿಸಿ, ಕೆಂಡದ ವಿಷಯ ಗೌರವ್ವ ಅವತ್ತೇ ಹೇಳಿದ್ದಳು, ಹರಟೆ ಎಂದು ನಾನೇ ಬಿಟ್ಟೆ ಎಂದೆ. ಅಮ್ಮ ನನ್ನ ಕೈ ಬಿಟ್ಟರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

“ಕಾಲು ನೋಡಲೇ ಎಂದು ನಾನು ಕೇಳಿದ್ದೆ. ಅದನ್ನಾದರೂ ಅವಳಿಗೆ ಕೇಳಿದ್ದೆಯಾ?”

ಇಲ್ಲ ಎಂದೆ. ಏಕೆ ಎಂದು ಅವರು ಕೇಳಲಿಲ್ಲ. ಊಟದ ಆಸೆಯ ಮಾತು ಅದಕ್ಕೇ ನನ್ನಲ್ಲೇ ಉಳಿಯಿತು. ಅದನ್ನು ಹೊರಗೆ ಹಾಕುತ್ತಿರುವುದು ಇಲ್ಲಿಯೇ ಮೊದಲು.

ಸಾಹೇಬರು ಹಿಂದಿನ ಸೀಟಿನಿಂದ ಹೇಳಿದರು: “ನಾಳೆ ಅವಳ ಮಗನಿಗೆ ಹೇಳಬೇಕು. ನಾವೂ ಬರುತ್ತೇವೆ. ಆದರೆ ಮಾತಾಡುವವನು ನೀನು.”

ಮಾರನೆಯ ದಿನ ವಾರ್ಡಿನಲ್ಲಿ ಬಸುವಿಗೆ ಹೇಳಿದೆ. ಅವನು ಕೈ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. “ನಾಕ ಮಾತ ಹೇಳಾಕ ನಿನಗೇನ ಬ್ಯಾನಿ ಬಂದಿತ್ತು? ನಮ್ಮವ್ವನ ಕಾಲ ನೋಡು, ಚೀಲ ಹೊಲದಂಗ ಹೊಲದಾರ” ಎಂದ.

ಹಾಸಿಗೆಯ ಮೇಲಿಂದ ಗೌರವ್ವ ನನ್ನ ಮೇಲೆಯೇ ಸಿಟ್ಟಾದಳು. “ನಾ ಮುಚ್ಚಿದ್ದೆ. ನಿನಗ ಯಾರು ತೆರಿ ಅಂದ್ರು? ಈಗ ಇಂವ ಆ ಅಮ್ಮನ್ನ ಮನಿಗಿ ಬರಗೊಡೂದಿಲ್ಲ. ನನ್ನ ಕಾಲ ಯಾರ ನೋಡ್ತಾರ, ನೀ ನೋಡ್ತಿಯೇನು?”

ಅವಳ ಹೆದರಿಕೆ ನಿಜವಿತ್ತು. ತಪ್ಪೊಪ್ಪಿಕೊಂಡು ನಾನು ನನ್ನ ಭಾರ ಇಳಿಸಿಕೊಂಡೆ, ಅದು ಅವಳ ತಲೆಗೆ ಹೋಗಿ ಕೂತಿತು. ಅಮ್ಮ ಏನು ನಡೆಯುತ್ತಿದೆ ಎಂದು ಕೇಳಿದರು. ಮೂವರ ಮಾತನ್ನೂ, ಬೈಗುಳವನ್ನೂ ಬಿಡದೆ ಹೇಳಿದೆ. ಅಮ್ಮ ಬಸುವಿನ ಮುಂದೆ ಕೈ ಮುಗಿದರು. ನನ್ನ ತಪ್ಪಿಗೆ ಅವರು ಕೈ ಮುಗಿಯುವುದನ್ನು ನೋಡಿ ತಲೆ ತಗ್ಗಿಸಿದೆ.

ಬಸು ತಾಯಿಯ ಕಾಲ ಮೇಲೆ ಹೊದಿಕೆ ಎಳೆದು ಹೇಳಿದ: “ಅಮ್ಮಾರು ಬರ್ಲಿ. ಸಾಹೇಬ್ರೂ ಬರ್ಲಿ. ನೀ ಮಾತ್ರ ನಮ್ಮ ಹೊಸ್ತಲ ತುಳೀಬ್ಯಾಡ.”

ದುಭಾಷಿ ಇಲ್ಲದೆ ಹೇಗೆ ಎಂದು ಸಾಹೇಬರು ಕೇಳಿದರು. ಅದನ್ನೂ ನಾನೇ ಬಸುವಿಗೆ ಕನ್ನಡದಲ್ಲಿ ಹೇಳಬೇಕಾಯಿತು. “ಹೆಂಗರ ಆಗಲಿ, ಇಂವ ಇದ್ದಾಗ ಏನ ಛಲೋ ಆಗೈತಿ” ಎಂದ ಬಸು.

ದಂಪತಿಯ ಅವಧಿ ಬೇಸಿಗೆಯ ಆರಂಭಕ್ಕೆ ಮುಗಿಯುವುದಿತ್ತು. ಅಲ್ಲಿಯವರೆಗೆ ಪ್ರತಿ ಮಂಗಳವಾರ ಗೌರವ್ವನ ಓಣಿಯ ಬಾಯಿಗೆ ವ್ಯಾನ್ ನಿಲ್ಲಿಸಿ ನಾನು ಒಳಗೇ ಕೂತಿರುತ್ತಿದ್ದೆ. ಅಮ್ಮ ಚೀಲ ಹಿಡಿದು ಹೋಗುತ್ತಿದ್ದರು. ನನ್ನಿಂದ ನಾಲ್ಕೈದು ಕನ್ನಡ ಪದ ಕೇಳಿ ಕಲಿತಿದ್ದರು. ಮೊದಲ ಎರಡು ವಾರ ಒಳಗಿನಿಂದ ದನಿಯೇ ಕೇಳಲಿಲ್ಲ. ಬರುಬರುತ್ತ ಗೌರವ್ವನ ದೊಡ್ಡ ದನಿ ಕೇಳತೊಡಗಿತು. ಒಂದು ದಿನ ಇಬ್ಬರೂ ಜೋರಾಗಿ ನಕ್ಕರು, ಓಣಿಯ ನಾಯಿ ಎದ್ದು ನೋಡುವಷ್ಟು.

ಅಮ್ಮ ಬಂದು ಕೂತ ಮೇಲೆ ತಡೆಯಲಾರದೆ ಕೇಳಿದೆ, ಗೌರವ್ವ ಅಂಥದ್ದೇನು ಹೇಳಿದಳು ಎಂದು.

“ನನಗೇನು ಗೊತ್ತು? ಅವಳು ನಕ್ಕಳು, ನಾನೂ ನಕ್ಕೆ” ಎಂದರು ಅಮ್ಮ. “ಆಮೇಲೆ ಎರಡೂ ಪಾದ ಬಿಚ್ಚಿ ನೋಡಿದೆ.”

ಅವರು ಊರಿಗೆ ಹೋಗಿ ಈಗ ಕೆಲವು ವರ್ಷವಾಯಿತು. ದ್ರಾಕ್ಷಿ ತೋಟಗಳಿಗೆ ಉತ್ತರದಿಂದ ಬರುವ ಕೂಲಿಯವರು ಕಾಯಿಲೆ ಬಿದ್ದರೆ ನಗರದ ಆಸ್ಪತ್ರೆಯಲ್ಲಿ ನಾನು ಅವರ ಪರವಾಗಿ ಮಾತಾಡುತ್ತೇನೆ. ರೋಗಿ ಊರಿನ ಎಮ್ಮೆಯ ವಿಷಯ ಹೇಳಿದರೆ ಎಮ್ಮೆಯನ್ನೂ ದಾಟಿಸುತ್ತೇನೆ. “ಅಜ್ಜಾರ, ಮುಖ್ಯ ಅಷ್ಟs ಹೇಳ್ರಿ, ಹಿಂದ ಮಂದಿ ನಿಂತೈತಿ” ಎಂದು ಡಾಕ್ಟರು ಬೇಸರ ಮಾಡಿಕೊಳ್ಳುತ್ತಾರೆ. ಯಾವುದು ಮುಖ್ಯ ಎಂದು ಆರಿಸುವ ಕೆಲಸ ನನ್ನದಲ್ಲ, ಆಡಿದವರು ಮತ್ತು ಕೇಳುವವರದು. ಆ ದಂಪತಿಯ ಜೊತೆಗಿನ ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿತದ್ದಕ್ಕೆ ಬೆಲೆ ಕೊಟ್ಟವಳು ಮಾತ್ರ ಬೇರೆಯವಳು.

ತಿಕೋಟಾದಲ್ಲಿ ಗೌರವ್ವ ಈಗ ಬಾಗಿಲಲ್ಲೇ ಕೂತು ರೊಟ್ಟಿ ಮಾರುತ್ತಾಳೆ. ನಾನು ಹೋದಾಗ ಹೊರಗೇ ನಿಂತು ಮಾತಾಡಿಸುತ್ತೇನೆ. “ಒಳಗ ಬಾರೋ ತಮ್ಮಾ” ಎಂದು ಅವಳು ಪ್ರತಿ ಸಲ ಕರೆಯುತ್ತಾಳೆ. ಬಸು ಮಾತ್ರ ಇನ್ನೂ ಕರೆದಿಲ್ಲ. ಅವನು ಕರೆಯದೆ ನಾನು ಒಳಗೆ ಹೋಗುವುದಿಲ್ಲ.